ಎಡಕ್ಕೆ ತಿರುಗಿದ ಕಾಫಿ ಕಪ್

ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಎರಡಿದ್ದವು. ಒಂದು ಇಡ್ಲಿಗೆ, ಇನ್ನೊಂದು ಟವಲಿಗೆ.

ಎರಡನೆಯದು ಅಕ್ಕನದು. ವಿಮಾನದ ಕೆಲಸಕ್ಕೆ ಸೇರಿದ ವರ್ಷ, ಮೊದಲ ರಜೆಗೆ ಅಶೋಕಪುರಂನ ನಮ್ಮ ಮನೆಗೆ ಬಂದಾಗ ಅದನ್ನು ಕೊಂಡು ತಂದಳು. ಭಾನುವಾರ ಅವ್ವ ಕೋಳಿ ಸಾರು ಇಳಿಸುವ ಹೊತ್ತಿಗೆ ಅಕ್ಕ ಅಂಗೈಯಗಲದ ಮೂರು ಬಿಳಿ ಟವಲುಗಳನ್ನು ನೆನೆಸಿ, ಹಿಂಡಿ, ಬೀಡಿ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಎರಡು ಹನಿ ನಿಂಬೆರಸ ಬಿಟ್ಟು ಹಬೆಗೆ ಇಡುವಳು. ನಾವು ಚಾಪೆಯ ಮೇಲೆ ಸಾಲಾಗಿ ಕೂತ ಮೇಲೆ ಇಕ್ಕಳದಲ್ಲಿ ಹಿಡಿದು ತಂದು ಒಬ್ಬೊಬ್ಬರ ಕೈಗೂ ಕೊಡುವಳು. ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಆ ಬಿಸಿ ಟವಲನ್ನು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ಸುಮ್ಮನೆ ಕೂರುವನು. ಎಷ್ಟು ಸೋಪು ಹಾಕಿ ತೊಳೆದು ಬಂದಿದ್ದರೂ ಟವಲಿನ ಮೇಲೆ ಗ್ರೀಸಿನ ನೆರಳು ಮೂಡುತ್ತಿತ್ತು.

"ಕೈ ತೊಳೆಯಕೆ ನಲ್ಲೀಲಿ ನೀರಿಲ್ವೇನೆ? ಇದೇನವ್ವ ನಿನ್ನ ಆಟ" ಎಂದು ಅವ್ವ ಬೈಯುತ್ತಲೇ ಕತ್ತು, ಕಿವಿಯ ಹಿಂದೆ, ಎಲ್ಲ ಒರೆಸಿಕೊಳ್ಳುವಳು.

"ಆಟ ಅಲ್ಲ ಕಣವ್ವ. ಬಿಸ್ನೆಸ್ ಕ್ಲಾಸು. ಮುಂದಿನ ಸೀಟಿನೋರಿಗೆ ಮೊದ್ಲು ಇದು."

"ಅವ್ರೇನು ಮುಖ ತೊಳೀದೆ ಬತ್ತಾರಾ?"

ಅಕ್ಕ ಬಿದ್ದು ಬಿದ್ದು ನಗುವಳು. ನಕ್ಕರೆ ಮೇಲಿನ ಸಾಲಿನಲ್ಲಿ ಒಂದರ ಮೇಲೊಂದು ಹತ್ತಿದ ಎರಡು ಹಲ್ಲು ಕಾಣುತ್ತಿದ್ದವು.

ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ನಮ್ಮ ಬೀದಿಯ ಹುಡುಗರು ಅವಳ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡುತ್ತೇವೆ, ನೀನೂ ಎರಡು ಪುಟ ಬರೆದು ಕೊಡಣ್ಣ ಎಂದು ಕೇಳಿದ್ದಾರೆ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಕ್ಕ ಓದಿದವಳು. ನಮ್ಮ ಬೀದಿಯಿಂದ ಮೊದಲು ವಿಮಾನ ಹತ್ತಿದವಳು ಅವಳು, ಅದೂ ಕೆಲಸಕ್ಕೆ. ನುಡಿನಮನದ ದಿನ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದಾಗ "ನಮ್ಮಕ್ಕ..." ಎಂದು ಶುರುಮಾಡಿ, ಮುಂದಕ್ಕೆ ಹೋಗಲಾರದೆ ಇಳಿದು ಬಂದೆ. ದುಃಖಕ್ಕೆ ಹಾಗಾಯಿತು ಎಂದು ಎಲ್ಲರೂ ತಿಳಿದುಕೊಂಡರು. ದುಃಖವೂ ಇತ್ತು. ಆದರೆ ಅವಳನ್ನು ನಮ್ಮಕ್ಕ ಎಂದು ಹೇಳಲೇಬೇಕಾಗಿದ್ದ ಒಂದು ದಿನ ನಾನು ಹೇಳಿರಲಿಲ್ಲ. ಆ ದಿನವೇ ಮಾತಿಗೆ ಅಡ್ಡ ಬಂತು. ಅದನ್ನೂ ಇಲ್ಲಿ ಬರೆಯುತ್ತೇನೆ. ಬೇಡವೆನಿಸಿದರೆ ಹುಡುಗರು ತೆಗೆದುಹಾಕಲಿ.

ಅವಳ ಕೆಲಸಕ್ಕೆ ಗಗನಸಖಿ ಎನ್ನುತ್ತಾರೆ. ಅಕ್ಕನಿಗೆ ಆ ಹೆಸರು ಸೇರುತ್ತಿರಲಿಲ್ಲ. ಒಮ್ಮೆ ರೇಷನ್ ಕಾರ್ಡಿನ ಅರ್ಜಿ ತುಂಬುವಾಗ ನಾನು ಹಾಗೆ ಬರೆಯಹೋದರೆ ಕೈ ಹಿಡಿದುಕೊಂಡಳು. "ಸಖಿನೂ ಅಲ್ಲ, ಸುಖಿನೂ ಅಲ್ಲ. ಬಡಿಸೋಳು ಅಂತ ಬರಿಯೋ."

ಬಡಿಸುವುದು ಎಂದರೆ ಅವಳಿಗೆ ಸಣ್ಣ ಕೆಲಸವಾಗಿರಲಿಲ್ಲ. ಆರನೇ ಕ್ಲಾಸಿನಿಂದ ಅಪ್ಪನ ಊಟದ ಕ್ಯಾರಿಯರ್ ಕಟ್ಟುತ್ತಿದ್ದವಳು ಅವಳೇ. ಮೇಲಿನ ಡಬ್ಬಿಯಲ್ಲಿ ಉಪ್ಪಿನಕಾಯಿ, ಅದರ ಕೆಳಗೆ ಮುದ್ದೆ, ಅದರ ಕೆಳಗೆ ಸಾರು, ತಳದಲ್ಲಿ ಅನ್ನ. ಸಾರನ್ನು ಮೇಲಿಡು, ಚೆಲ್ಲುವುದಿಲ್ಲ ಎಂದು ಅವ್ವ ಹೇಳಿದರೆ ಕೇಳುತ್ತಿರಲಿಲ್ಲ. "ಅಪ್ಪ ಬಿಚ್ಚುವಾಗ ಕೈ ಯಾವುದಕ್ಕೆ ಮೊದ್ಲು ಹೋಗ್ತದೆ ಅದು ಮೇಲಿರಬೇಕು. ಚೆಲ್ಲದಂಗೆ ಮುಚ್ಚೋದು ನನ್ನ ಕೆಲ್ಸ" ಎನ್ನುವಳು. ಅಪ್ಪನಿಗೆ ಉಪ್ಪಿನಕಾಯಿ ನೆಕ್ಕದೆ ಊಟ ಶುರುವಾಗುತ್ತಿರಲಿಲ್ಲ ಎನ್ನುವುದನ್ನು ಆ ವಯಸ್ಸಿಗೇ ಗಮನಿಸಿದ್ದಳು.

ಬಿಸ್ನೆಸ್ ಕ್ಲಾಸಿನ ಊಟದ ಬಗ್ಗೆ ಅವಳನ್ನು ಮಾತಿಗೆ ಎಳೆದರೆ ಮುಗಿಯುತ್ತಿರಲಿಲ್ಲ. ಮೇಲೆ ಹೋದರೆ ನಾಲಿಗೆ ಮಂಕಾಗುತ್ತದಂತೆ. ಕೆಳಗೆ ಸರಿಯಾಗಿರುವ ಉಪ್ಪು ಅಲ್ಲಿ ಸಪ್ಪೆ. ಹುಳಿ ಮಾತ್ರ ಅಷ್ಟು ಕೆಡುವುದಿಲ್ಲ. ಪನೀರನ್ನು ಎರಡು ಸಲ ಬಿಸಿ ಮಾಡಿದರೆ ಸೈಕಲ್ ಟ್ಯೂಬು. ಅಲ್ಲಿ ಯಾರೂ ಅಡುಗೆ ಮಾಡುವುದಿಲ್ಲ, ಕೆಳಗಿನ ಅಡುಗೆಮನೆಯಿಂದ ಬಂದದ್ದನ್ನು ಬಿಸಿ ಮಾಡಿ ಕೊಡುವುದಷ್ಟೇ. "ಅಡುಗೆ ಕೆಟ್ಟಿದ್ರೆ ಅದು ಅವರ ತಪ್ಪು. ಕೆಟ್ಟ ಅಡುಗೇನ ನಾನು ನಗ್ತಾ ತಂದು ಮುಂದಿಟ್ರೆ ಅದು ನನ್ನ ತಪ್ಪು" ಎನ್ನುವಳು.

ಒಂದು ಸಲ ಮೊಸರನ್ನದ ಡಬ್ಬಿಗಳು ಹುಳಿ ವಾಸನೆ ಹೊಡೆಯುತ್ತಿದ್ದವಂತೆ. ಅಕ್ಕ ಹತ್ತಿಸಿಕೊಳ್ಳುವುದಿಲ್ಲ ಎಂದು ಬಾಗಿಲಲ್ಲೇ ನಿಂತಳು. ಕೆಳಗಿನ ಸಾಹೇಬರು ಓಡಿಬಂದು, ಬರಿ ಹನ್ನೆರಡು ಡಬ್ಬಿಗೋಸ್ಕರ ವಿಮಾನ ನಿಲ್ಲಿಸುತ್ತೀಯಾ, ಯಾರಿಗೆ ಗೊತ್ತಾಗುತ್ತದೆ ಎಂದು ಕೂಗಾಡಿದರು. ಅಕ್ಕ ಒಂದು ಡಬ್ಬಿ ಬಿಚ್ಚಿ, ಕೆಳಗೊಂದು ಬಟ್ಟೆಯಿಟ್ಟು, ಚಮಚ ಒರೆಸಿ, ಬಲು ಮರ್ಯಾದೆಯಿಂದ ಅವರ ಮುಂದೆ ಹಿಡಿದಳು. "ನೀವು ಒಂದು ಚಮಚ ತಿನ್ನಿ ಸರ್. ತಿಂದ್ರೆ ಹತ್ತಿಸ್ತೀನಿ." ಸಾಹೇಬರು ತಿನ್ನಲಿಲ್ಲ. ಬೇರೆ ಡಬ್ಬಿ ಬರುವ ತನಕ ವಿಮಾನ ಕಾಯಿತು. ಅಕ್ಕನಿಗೆ ಒಂದು ನೋಟೀಸೂ ಬಂತು. ಅದನ್ನು ಬಹಳ ದಿನ ಟ್ರಂಕಿನಲ್ಲಿಟ್ಟಿದ್ದಳು, ಜನ ಮೆಡಲ್ ಇಟ್ಟುಕೊಳ್ಳುವ ಹಾಗೆ.

ಮುಂದಿನ ಸೀಟಿನವರನ್ನು ಹೆಸರು ಹಿಡಿದು ಕರೆಯಬೇಕು. ಅದಕ್ಕೆ ವಿಮಾನ ಹತ್ತುವ ಮೊದಲೇ ಪಟ್ಟಿ ನೋಡಿ ಎಲ್ಲರ ಹೆಸರೂ ಸೀಟೂ ಬಾಯಿಪಾಠ ಮಾಡಬೇಕು. ಏನು ಬೇಕು ಎಂದು ಕೇಳುವಾಗ ನಿಂತು ಕೇಳಬಾರದು. ಸೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಖ ಅವರ ಕಣ್ಣಿಗಿಂತ ಕೆಳಗಿರುವ ಹಾಗೆ ಕೇಳಬೇಕು. ಕೊನೆಕೊನೆಗೆ ಮಂಡಿ ಸವೆದದ್ದು ಅದರಿಂದಲೇ. ಮನೆಯಲ್ಲೂ ಅದೇ ಅಭ್ಯಾಸ. ಹಾಸಿಗೆ ಹಿಡಿದಿದ್ದ ಅವ್ವನನ್ನು ಮಾತಾಡಿಸುವಾಗ ಕುಕ್ಕರಗಾಲಲ್ಲೇ ಕೂರುವಳು.

"ಮುಂದೆ ಕೂತೋರೆಲ್ಲ ದೊಡ್ಡೋರು ಅಂದ್ಕೋಬೇಡ ಕಣೋ" ಎಂದು ಒಮ್ಮೆ ಹೇಳಿದ್ದಳು. "ಅಲ್ಲಿ ಬರೋ ಕೆಲವರಿಗೆ ಅದು ಮೊದಲನೇ ಸಲ. ಯಾವ ಚಮಚ ಯಾವುದಕ್ಕೆ ಅಂತ ಗೊತ್ತಿರಲ್ಲ. ಕೇಳಕೆ ನಾಚಿಕೆ. ಅಂಥೋರಿಗೆ ಹೇಳಿಕೊಡಬಾರದು. ಪಕ್ಕದೋರಿಗೆ ಮೊದ್ಲು ಬಡಿಸಬೇಕು, ನಿಧಾನಕ್ಕೆ. ಇವರು ನೋಡ್ಕೋತಾರೆ. ಹಸಿದೋರು ನಾಚ್ಕೋಬಾರದು. ಬಡಿಸೋದು ಅಂದ್ರೆ ಅಷ್ಟೇಯ."

ಇನ್ನೊಂದು ವಿಷಯ ಕಾಫಿ ಕಪ್ಪಿನ ಹಿಡಿಯದು. ಕಪ್ಪಿಟ್ಟಾಗ ಅದರ ಹಿಡಿ ಕುಡಿಯುವವರ ಬಲಗೈ ಕಡೆ, ಗಡಿಯಾರದ ನಾಲ್ಕು ಗಂಟೆಯ ಜಾಗಕ್ಕೆ ತಿರುಗಿರಬೇಕು. ಹೊಸ ಹುಡುಗಿಯರಿಗೆ ಇದನ್ನು ಕಲಿಸುತ್ತಿದ್ದವಳು ಅಕ್ಕನೇ. ಒಂದು ಕಪ್ ಆಚೀಚೆಯಾದರೂ ಮತ್ತೆ ಮೊದಲಿಂದ ಎಲ್ಲ ಜೋಡಿಸಬೇಕಿತ್ತಂತೆ. ಆದರೆ ನಮ್ಮ ಮನೆಯ ಬಿಸ್ನೆಸ್ ಕ್ಲಾಸಿನಲ್ಲಿ ನನ್ನ ಕಪ್ಪಿನ ಹಿಡಿ ಮಾತ್ರ ಎಡಕ್ಕಿರುತ್ತಿತ್ತು. ನಾನು ಎಡಚ. ಚಿಕ್ಕಂದಿನಲ್ಲಿ ಲೋಟ ಎಡಗೈಯಲ್ಲಿ ಎತ್ತಿದರೆ ಅವ್ವ ಸೌಟಿನಲ್ಲಿ ಬಿಡುತ್ತಿದ್ದಳು. "ಅವನ ಕೈ ಅವನಿಗೆ ಬುಡವ್ವ. ನಿನ್ನ ಬಾಯಿಗೆ ಇಕ್ತಾವ್ನಾ?" ಎಂದು ಅಕ್ಕ ಅಡ್ಡ ಬರುವಳು. ಎಷ್ಟೋ ಏಟು ಅವಳ ಕೈಗೆ ಬಿದ್ದಿವೆ.

ಈಗ ನನ್ನ ವಿಷಯ.

ನಾನು ಒಂಟಿಕೊಪ್ಪಲಿನ ಒಬ್ಬ ಯಜಮಾನರ ಊದುಬತ್ತಿ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವವನು. ಓದು ಹತ್ತದಿದ್ದರೂ ದೇವರು ಮೂಗು ಕೊಟ್ಟ. ಸೇರಿದ ದಿನ ಯಜಮಾನರು "ಮನೆ ಎಲ್ಲೋ?" ಎಂದು ಕೇಳಿದರು. "ವಿದ್ಯಾರಣ್ಯಪುರಂ" ಎಂದೆ. ಅದು ಪಕ್ಕದ ಬಡಾವಣೆ. ಅಶೋಕಪುರಂ ಎಂದರೆ ಜಾತಿ ಹೇಳಿದ ಹಾಗೆಯೇ. ಅವರ ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತಾಗಲೇ, ಕಿಟಕಿಯ ಮೇಲೆ ಎರಡು ಲೋಟ ಬೇರೆಯಾಗಿ ಕವುಚಿಟ್ಟಿದ್ದನ್ನು ನೋಡಿದ್ದೆ. ಯಾರಿಗೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೆಲವು ವರ್ಷದ ಮೇಲೆ ಆ ಲೋಟಗಳು ಅಲ್ಲಿಂದ ಹೋದವು. ನನ್ನ ಸುಳ್ಳು ಹೋಗಲಿಲ್ಲ.

ಯಜಮಾನರು ಕೆಟ್ಟವರಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆ. ಪೂಜೆ, ಲಿಂಗ, ವಿಭೂತಿ, ಶಿಸ್ತು. ನನ್ನ ಕೆಲಸ ಹಿಡಿಸಿ ಮನೆಯೊಳಕ್ಕೆ ಸೇರಿಸಿಕೊಂಡರು. ಪೂಜೆಯ ಕೋಣೆಗೆ ಹೊಸ ಬತ್ತಿ ಹಚ್ಚಿ ನೋಡುವುದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಅಮ್ಮನವರು ಹಜಾರದಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು. ಆ ಮನೆಯಲ್ಲಿ ನಾನು ಮಾಂಸ ಮುಟ್ಟದವನು, ಬಲಗೈಯವನು, ವಿದ್ಯಾರಣ್ಯಪುರಂನವನು. ಮೂರನ್ನೂ ಇಪ್ಪತ್ತು ವರ್ಷ ನಡೆಸಿದೆ.

ಅಕ್ಕನಿಗೆ ಇದೆಲ್ಲ ಗೊತ್ತಿತ್ತು. ಒಂದು ಸಲ ಮಾತ್ರ "ಇನ್ನೂ ಎಷ್ಟು ವರ್ಷನೋ ಗಿಡ್ಡ?" ಎಂದಿದ್ದಳು. ಗಿಡ್ಡ ಎನ್ನುವುದು ಅವಳು ನನಗಿಟ್ಟ ಹೆಸರು. "ಒಂದು ದಿನ ಹೇಳ್ತೀನಿ ಬುಡಕ್ಕ" ಎಂದಿದ್ದೆ. ಅವಳು ಮತ್ತೆ ಕೇಳಲಿಲ್ಲ.

ಆರು ವರ್ಷದ ಕೆಳಗೆ ಡೆಲ್ಲಿಯಲ್ಲಿ ಒಂದು ವ್ಯಾಪಾರದ ಮೇಳ. ಯಜಮಾನರಿಗೆ ಮಂಡಿಯ ಆಪರೇಷನ್ ಆಗಿ ಸ್ವಲ್ಪ ದಿನವಾಗಿತ್ತು. ಕಾಲು ಚಾಚಿ ಕೂರಬೇಕು, ಪಕ್ಕದಲ್ಲಿ ಒಬ್ಬರು ಬೇಕು ಎಂದು ಮುಂದಿನ ಎರಡು ಸೀಟು ತೆಗೆಸಿ ನನ್ನನ್ನು ಹೊರಡಿಸಿದರು. ಡೆಲ್ಲಿಗೆ ಹೋಗುತ್ತಿದ್ದೇನೆ ಎಂದಷ್ಟೇ ಅಕ್ಕನಿಗೆ ಹೇಳಿದ್ದೆ. ಯಾವ ವಿಮಾನ, ಯಾವ ದಿನ ಎಂದು ಬೇಕೆಂದೇ ಹೇಳಿರಲಿಲ್ಲ. ಇಷ್ಟು ವಿಮಾನಗಳಲ್ಲಿ ಅವಳಿರುವುದೇ ಸಿಗುತ್ತದೆಯೇ ಎಂದು ಧೈರ್ಯ.

ಬೆಂಗಳೂರಿನಲ್ಲಿ ಏರೋಬ್ರಿಡ್ಜಿನ ಕೊನೆಗೆ, ವಿಮಾನದ ಬಾಗಿಲಲ್ಲಿ ಅಕ್ಕ ಕೈ ಮುಗಿದು ನಿಂತಿದ್ದಳು.

ಅಕ್ಕನಿಗೆ ಎರಡು ನಗು ಇದ್ದವು. ಒಂದು ಕೆಲಸದ್ದು, ತುಟಿ ಮಾತ್ರ. ಇನ್ನೊಂದು ಮನೆಯದು, ಆ ಎರಡು ಹಲ್ಲು ಕಾಣುವಂಥದ್ದು. ನನ್ನನ್ನು ನೋಡಿದಾಗ ಬಂದದ್ದು ಮನೆಯ ನಗು. ಯಜಮಾನರು ನನ್ನ ಹೆಗಲ ಮೇಲೆ ಭಾರ ಬಿಟ್ಟು ನಡೆಯುತ್ತಿದ್ದರು. ನಾನು ಕಣ್ಣು ತಗ್ಗಿಸಿ ಅವರ ಕಾಲನ್ನು ನೋಡತೊಡಗಿದೆ. ಮತ್ತೆ ತಲೆಯೆತ್ತುವಷ್ಟರಲ್ಲಿ ಹಲ್ಲು ಒಳಗೆ ಹೋಗಿದ್ದವು. ಕೆಲಸದ ನಗು ಬಂದು ಕೂತಿತ್ತು.

"ಗುಡ್ ಆಫ್ಟರ್‌ನೂನ್ ಸರ್" ಎಂದು ಯಜಮಾನರ ಹೆಸರು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಮಿಸ್ಟರ್ ಸೇರಿಸಿ ನನ್ನ ಹೆಸರನ್ನೂ ಹೇಳಿದಳು. ಅಪ್ಪ ಇಟ್ಟ ಆ ಪೂರ್ತಿ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಬಿಸಿ ಟವಲು ಬಂತು. ನಿಂಬೆಯ ವಾಸನೆ. ಮುಖಕ್ಕೆ ಒತ್ತಿಕೊಂಡು, ಅಪ್ಪ ಕೂರುತ್ತಿದ್ದ ಹಾಗೆ ಎಷ್ಟೋ ಹೊತ್ತು ಕೂತೆ. ಅವನದು ಸುಖಕ್ಕೆ. ನನ್ನದು ಮುಖ ಮುಚ್ಚಿಕೊಳ್ಳುವುದಕ್ಕೆ.

ವಿಮಾನ ಏರಿದ ಮೇಲೆ ಊಟದ ಪಟ್ಟಿ ಕೊಟ್ಟಳು. ಎಲ್ಲ ಇಂಗ್ಲಿಷ್. ಯಜಮಾನರು ಕನ್ನಡಕ ಹುಡುಕತೊಡಗಿದರು. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪಟ್ಟಿ ಮುಟ್ಟದೆ, ಮನೆಯಲ್ಲಿ ಇವತ್ತೇನು ಅಡುಗೆ ಎಂದು ಹೇಳುವ ಹಾಗೆ ಕನ್ನಡದಲ್ಲಿ ಎಲ್ಲ ಹೇಳಿದಳು. "ಪನೀರ್ ಇವತ್ತು ಅಷ್ಟು ಚೆನ್ನಾಗಿಲ್ಲ ಸರ್. ಮೊಸರನ್ನ ಚೆನ್ನಾಗಿದೆ. ಜೊತೆಗೆ ಬೀನ್ಸ್ ಪಲ್ಯ ಕೊಡ್ತೀನಿ."

ಯಜಮಾನರ ಮುಖ ಅರಳಿತು. "ಕನ್ನಡದೋರೇನಮ್ಮ! ಯಾವೂರು?"

"ಮೈಸೂರು ಸರ್."

"ಓಹೋ, ನಾವೂ ಮೈಸೂರೇ. ಮೈಸೂರಲ್ಲಿ ಎಲ್ಲಿ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಅಶೋಕಪುರಂ ಸರ್" ಎಂದಳು. ಟೀ ಬೇಕಾ ಕಾಫಿ ಬೇಕಾ ಎಂದು ಕೇಳುವಷ್ಟೇ ಸರಾಗವಾಗಿ.

ಯಜಮಾನರು ಅವಳ ಮುಖವನ್ನೊಮ್ಮೆ, ಕೈಯಲ್ಲಿದ್ದ ಪಟ್ಟಿಯನ್ನೊಮ್ಮೆ ನೋಡಿದರು. ಆಮೇಲೆ "ಸರಿ ಕಣಮ್ಮ, ಮೊಸರನ್ನವೇ ಕೊಡು" ಎಂದರು.

ಅಕ್ಕ ನನ್ನ ಸೀಟಿನ ಪಕ್ಕಕ್ಕೆ ಬಂದು ಕೂತಳು. ನನಗಿಂತ ಏಳು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ನಲ್ಲಿಯಿಂದ ನೀರು ತಂದವಳು, ಕೆಳಗಿನಿಂದ ನನ್ನ ಮುಖ ನೋಡುತ್ತಾ ಕೇಳಿದಳು. "ತಮಗೆ ಸರ್? ವೆಜ್ಜಾ, ನಾನ್‌ವೆಜ್ಜಾ?"

"ವೆಜ್" ಎಂದೆ.

ಭಾನುವಾರ ಕೋಳಿಯಿಲ್ಲದಿದ್ದರೆ ಊಟಕ್ಕೆ ಕೂರದೆ ಮೂತಿ ತಿರುವುತ್ತಿದ್ದವನು ನಾನು. ಅಕ್ಕ ತಲೆಯಾಡಿಸಿ ಚೀಟಿಯ ಮೇಲೆ ಬರೆದುಕೊಂಡಳು.

ಊಟ ಬಂತು. ಮಡಿಲ ಮುಂದಿನ ಪುಟ್ಟ ಮೇಜಿಗೆ ಬಿಳಿ ಬಟ್ಟೆ ಹಾಸಿದಳು. ಅಂಚು ಅಂಚಿಗೆ ಸರಿಯಾಗಿ. ಎರಡು ಚಾಕು, ಎರಡು ಫೋರ್ಕ್, ಮೂರು ಚಮಚ, ಬೆಣ್ಣೆ, ಬ್ರೆಡ್ಡು. ನನಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಕ್ಕ ಯಜಮಾನರಿಗೆ ಮೊದಲು ಬಡಿಸಿದಳು, ನಿಧಾನಕ್ಕೆ. ಬಟ್ಟೆಯನ್ನು ಬಿಡಿಸಿ ತೊಡೆಯ ಮೇಲೆ ಹಾಕಿದಳು, ಬ್ರೆಡ್ಡು ಮುರಿದು ಬೆಣ್ಣೆ ಸವರಿದಳು, ದೊಡ್ಡ ಚಮಚವನ್ನು ಅನ್ನದ ಪಕ್ಕಕ್ಕೆ ಸರಿಸಿದಳು. ನಾನು ನೋಡಿಕೊಂಡೆ. ನೋಡಿಕೊಂಡು ಹಾಗೆಯೇ ಮಾಡಿದೆ. ಯಾವ ಚಮಚ ಯಾವುದಕ್ಕೆ ಎಂದು ಗೊತ್ತಾಗದೆ ನಾನು ನಾಚಲಿಲ್ಲ. ನನ್ನ ಹಸಿವನ್ನು ನಾಚಿಕೆಗೆ ಬಿಡದೆ ಕಾಪಾಡಿದವಳನ್ನು ನೋಡಿದಾಗ ಮಾತ್ರ ನಾಚಿಕೆಯಾಯಿತು.

ಯಜಮಾನರು ಮೊಸರನ್ನ ಎರಡನೇ ಸಲ ಹಾಕಿಸಿಕೊಂಡರು. "ನೋಡೋ, ಎಂಥ ಅಚ್ಚುಕಟ್ಟು! ಹಡೆದ ತಾಯಿ ಕಲಿಸಿರಬೇಕು. ನಮ್ಮನೇಲಿ ಇಷ್ಟು ಜನ ಇದ್ದಾರೆ, ಒಬ್ಬರಿಗೆ ಹೀಗೆ ಬಡಿಸಕೆ ಬರಲ್ಲ" ಎಂದರು. ಅಕ್ಕ ಕಾಫಿ ಹಿಡಿದು ಬರುತ್ತಿದ್ದಳು. ಯಜಮಾನರು ಅವಳಿಗೂ ಕೇಳುವ ಹಾಗೆ ನನ್ನನ್ನು ಕೇಳಿದರು. "ಲೇ, ನಿಮ್ಮ ವಿದ್ಯಾರಣ್ಯಪುರಂಗೆ ಹತ್ತಿರ ಅಲ್ವೇನೋ ಅಶೋಕಪುರಂ? ಈ ಹೆಣ್ಮಗಳನ್ನ ನೋಡಿದ್ದೀಯಾ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗುತ್ತಿರಲಿಲ್ಲ. ಅವರ ಹೊಟ್ಟೆ ಅವಳು ಬಡಿಸಿದ ಅನ್ನದಿಂದ ತುಂಬಿತ್ತು. ಬಾಯಿ ಅವಳನ್ನು ಹೊಗಳುತ್ತಿತ್ತು. ನಮ್ಮಕ್ಕ ಎನ್ನಬೇಕಿತ್ತು, ಅಷ್ಟೇ.

"ಇಲ್ಲ ಯಜಮಾನ್ರೆ. ನೋಡಿಲ್ಲ" ಎಂದೆ.

ಅಕ್ಕನ ಕೈಯಲ್ಲಿದ್ದ ಕಾಫಿ ತುಳುಕಲಿಲ್ಲ. "ಮೈಸೂರು ಈಗ ಎಷ್ಟು ಬೆಳೆದಿದೆ ಸರ್. ಎಲ್ಲರ ಪರಿಚಯ ಎಲ್ಲಿರುತ್ತೆ" ಎಂದು ಅವಳೇ ನನ್ನ ಮಾತಿಗೆ ಆಸರೆ ಕೊಟ್ಟಳು. ಯಜಮಾನರ ಮುಂದೆ ಕಪ್ ಇಟ್ಟಳು. ನನ್ನ ಮುಂದೆ ಇಟ್ಟಳು. ಹೋದಳು.

ನನ್ನ ಕಪ್ಪಿನ ಹಿಡಿ ಎಡಕ್ಕಿತ್ತು.

ಯಜಮಾನರು ನೋಡುತ್ತಿದ್ದಾರೆಂದು ನಾನು ಅದನ್ನು ಬಲಕ್ಕೆ ತಿರುಗಿಸಿಕೊಂಡು ಕುಡಿದೆ. ಬರೆಯಬೇಕಾದ್ದರಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು. ನೋಡಿಲ್ಲ ಎಂದದ್ದು ಹೆದರಿಕೆಯಿಂದ, ಯೋಚಿಸುವಷ್ಟರಲ್ಲಿ ಬಂದುಬಿಟ್ಟ ಮಾತು. ಕಪ್ ತಿರುಗಿಸಿದ್ದು ಯೋಚಿಸಿಯೇ.

ಎರಡು ವಾರದ ಮೇಲೆ ಭಾನುವಾರ ಅಕ್ಕ ಮನೆಗೆ ಬಂದಳು. ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ಮಾತು ಬಿಡುತ್ತಾಳೆ ಎಂದು ಕಾದೆ. ಅವಳು ಟವಲು ಹಬೆಗಿಟ್ಟಳು, ಕೋಳಿ ಸಾರಿಗೆ ಕಾಯಿ ಅರೆದಳು, ನನ್ನ ತಟ್ಟೆಗೆ ಎರಡು ತುಂಡು ಹೆಚ್ಚಿಗೆ ಹಾಕಿದಳು. ಬಡಿಸಿ ಮುಗಿದ ಮೇಲೆ ಒಂದೇ ಒಂದು ಕೇಳಿದಳು.

"ಅವತ್ತು ಮೊಸರನ್ನಕ್ಕೆ ಉಪ್ಪು ಸರಿ ಇತ್ತೇನೋ?"

"ಸರಿ ಇತ್ತಕ್ಕ."

"ಹೂಂ. ನಂಗೆ ಕಮ್ಮಿ ಅನ್ನಿಸ್ತು."

ಆ ದಿನದ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ.

ಹೋದ ವರ್ಷ ಕಾಯಿಲೆ ಬಿದ್ದು ಅಶೋಕಪುರಂನ ಮನೆಗೇ ಬಂದಳು. ಅಪ್ಪ ಅವ್ವ ಆಗಲೇ ಇರಲಿಲ್ಲ. ಮದುವೆಯಾಗದವಳು, ನೋಡಿಕೊಳ್ಳಲು ನಾನೂ ನನ್ನ ಹೆಂಡತಿಯೂ. ಬೆಳಗಿನ ಗಂಜಿ ನನ್ನ ಪಾಲಿನ ಕೆಲಸ. ಚಮಚ ಬಾಯಿಗೆ ಹಿಡಿದರೆ ನಿಂತು ಕೊಡಬೇಡ, ಕೂತು ಕೊಡು ಎನ್ನುವಳು. ತಟ್ಟೆಯ ಕೆಳಗೆ ಬಟ್ಟೆ ಇಲ್ಲದಿದ್ದರೆ ಹುಬ್ಬು ಗಂಟಿಕ್ಕುವಳು. ನಾನು ಸ್ವಲ್ಪ ಚೆಲ್ಲಿದರೆ, "ಇವನ್ನ ಹಿಂದಿನ ಸೀಟಿನೋರಿಗೆ ಬಡಿಸಕೂ ಹಾಕಕಾಗಲ್ಲ ಕಣೆ" ಎಂದು ನನ್ನ ಹೆಂಡತಿಗೆ ಹೇಳಿ ನಗುವಳು. ದೇಹ ಒಣಗಿ ಹೋಗಿತ್ತು. ಆ ಎರಡು ಹಲ್ಲು ಮಾತ್ರ ಹಾಗೇ ಇದ್ದವು.

ಒಂದು ಬೆಳಿಗ್ಗೆ ಧೈರ್ಯ ಮಾಡಿ "ಅಕ್ಕ, ಅವತ್ತು ವಿಮಾನದಲ್ಲಿ..." ಎಂದೆ.

"ಗಂಜಿ ಆರ್ತದೆ, ಕೊಡು" ಎಂದಳು.

ಕೊಟ್ಟೆ. ಆಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ಹನ್ನೆರಡು ದಿನಕ್ಕೆ ಹೋದಳು.

ನುಡಿನಮನ ನಮ್ಮ ಬೀದಿಯ ಬುದ್ಧವಿಹಾರದಲ್ಲಿ ನಡೆಯಿತು. ವಂದನೆ ಮುಗಿದು, ನಾನು ಮೈಕಿನಿಂದ ಓಡಿಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಪಕ್ಕಕ್ಕೆ ಬಂದು ಕೂತಳು. ಅಕ್ಕನ ಕೈಕೆಳಗೆ ಕೆಲಸ ಕಲಿತವಳಂತೆ.

"ಅಣ್ಣ, ಅಕ್ಕನಿಗೆ ತಮ್ಮ ಅಂತ ನೀವೊಬ್ಬರೇನಾ?"

"ಹೂಂ ಕಣಮ್ಮ. ಒಬ್ಬನೇ."

ಅವಳು ಸ್ವಲ್ಪ ಹೊತ್ತು ಅಕ್ಕನ ಫೋಟೋ ಕಡೆ ನೋಡಿದಳು. "ಒಂದು ಸಲ ಡೆಲ್ಲಿ ಫ್ಲೈಟು. ಹತ್ತುವ ಮೊದಲು ಅಕ್ಕ ಪಟ್ಟಿ ಓದ್ತಾ ಇದ್ದೋರು ಎದ್ದು ನಿಂತ್ಬಿಟ್ರು. 'ನಮ್ಮ ತಮ್ಮ ಕಣ್ರೇ! ಎರಡನೇ ಸಾಲಲ್ಲಿ! ಒಂದು ಮಾತು ಹೇಳಿಲ್ಲ ನೋಡು ಕಳ್ಳ' ಅಂತ ಎಲ್ಲರಿಗೂ ತೋರಿಸಿದ್ರು. ಪೈಲಟ್‌ಗೂ ಹೇಳಿದ್ರು. 'ಒಂದು ಕೋಳಿ ಊಟ ತೆಗೆದಿಡೇ, ಖಾಲಿಯಾದ್ರೆ ಅವನು ಮೂತಿ ಉಬ್ಬಿಸ್ಕೋತಾನೆ' ಅಂತ ನನ್ನ ಕೈಯಲ್ಲಿ ತೆಗೆದಿಡಿಸಿದ್ರು."

ನಾನು ನೆಲ ನೋಡುತ್ತಾ ಕೂತೆ.

"ಎಲ್ಲರೂ ಹತ್ತಿದ ಮೇಲೆ, 'ಎಲ್ಲಕ್ಕಾ ತಮ್ಮ, ತೋರಿಸಿ' ಅಂದೆ. 'ಅವನಲ್ಲ ಕಣೆ. ಅದೇ ಹೆಸರಿನೋರು ಯಾರೋ' ಅಂದ್ರು. 'ಆ ಕೋಳಿ ಊಟ ನೀನೇ ತಿನ್ನು' ಅಂದ್ರು. ತಿಂದೆ ನಾನು."

ವಿಮಾನದೊಳಗೆ ನಾನೊಬ್ಬನೇ ಅವಳನ್ನು ಅಲ್ಲ ಎಂದಿದ್ದೇನೆ ಎಂದುಕೊಂಡಿದ್ದೆ. ನನ್ನ ಮಾನ ಉಳಿಯಲಿ ಎಂದು, ಸೀಟುಗಳ ಮುಂದಿನ ಪರದೆಯ ಆಚೆ ನಿಂತು, ಅವಳೂ ನನ್ನನ್ನು ಅಲ್ಲ ಎನ್ನಬೇಕಾಗಿತ್ತು. ಅಷ್ಟು ಸಂತೋಷಪಟ್ಟು ಎಲ್ಲರಿಗೂ ಸಾರಿದವಳು, ಎಲ್ಲರ ಮುಂದೆ ನುಂಗಿಕೊಳ್ಳಬೇಕಾಗಿತ್ತು.

"ನಾನು ನಂಬಿದ್ದೆ ಅಣ್ಣ" ಎಂದಳು ಆ ಹುಡುಗಿ. "ಆದ್ರೆ ಕಾಫಿ ಕೊಡುವಾಗ ನೋಡ್ದೆ. ಎರಡನೇ ಸಾಲಲ್ಲಿ ಒಂದು ಕಪ್ಪಿನ ಹಿಡಿ ಎಡಕ್ಕಿತ್ತು. ಅಕ್ಕ ಇಟ್ಟಿದ್ದು. ನಮ್ಮ ಕೈಲಿ ನೂರು ಸಲ ಜೋಡಿಸಿದೋರು ಅವರು, ತಪ್ಪಿ ಇಡೋರಲ್ಲ. ಅವರ ತಮ್ಮ ಎಡಚ ಅಂತ ನಮಗೆಲ್ಲ ಗೊತ್ತಿತ್ತು. ಅವರು ಹೇಳದ ದಿನ ಇರಲಿಲ್ಲ."

"ಅದು ನಾನೇ ಕಣಮ್ಮ" ಎಂದೆ.

"ಗೊತ್ತು" ಎಂದಳು. ಬೇರೇನೂ ಹೇಳಲಿಲ್ಲ. ಅಕ್ಕನ ಹತ್ತಿರ ಕಲಿತವಳು.

ಮಾರನೇ ದಿನ ಕೆಲಸಕ್ಕೆ ಹೋದೆ. ರಜಾ ಕೇಳುವಾಗ ಸಂಬಂಧಿಕರೊಬ್ಬರು ಹೋದರು ಎಂದಷ್ಟೇ ಹೇಳಿದ್ದೆ. ಯಜಮಾನರು ಹಜಾರದಲ್ಲಿ ಪೇಪರ್ ಓದುತ್ತಿದ್ದರು. ವಯಸ್ಸಾಗಿ ಈಗ ಅವರು ಕಾರ್ಖಾನೆ ಕಡೆ ಬರುವುದು ಕಡಿಮೆ.

"ಬಂದ್ಯಾ. ಯಾರೋ ಹೋಗಿದ್ದು?"

"ನಮ್ಮಕ್ಕ ಯಜಮಾನ್ರೆ. ಒಡಹುಟ್ಟಿದ ಅಕ್ಕ. ಅಶೋಕಪುರಂನ ನಮ್ಮ ಮನೇಲಿ." ಅಲ್ಲಿಗೇ ನಿಲ್ಲಿಸಲಿಲ್ಲ. "ನಾನೂ ಅಲ್ಲಿಯವನೇ. ಅಲ್ಲೇ ಹುಟ್ಟಿದ್ದು. ನಮ್ಮಕ್ಕನ್ನ ನೀವು ನೋಡಿದ್ದೀರಿ. ಡೆಲ್ಲಿಗೆ ಹೋಗುವಾಗ ವಿಮಾನದಲ್ಲಿ ಮೊಸರನ್ನ ಬಡಿಸಿದ್ರಲ್ಲ."

ಯಜಮಾನರು ಪೇಪರ್ ಮಡಿಸಿದರು. ಕನ್ನಡಕ ತೆಗೆದರು. ಬೀದಿ, ಜಾತಿ, ಇಪ್ಪತ್ತು ವರ್ಷದ ಸುಳ್ಳು, ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಎಂದು ಕಾದೆ.

"ಅವತ್ತು ನೋಡಿಲ್ಲ ಅಂದ್ಯಲ್ಲೋ" ಎಂದರು.

"ಹೌದು ಯಜಮಾನ್ರೆ."

"ಆ ತಾಯಿ ಕಾಫಿ ಹಿಡ್ಕೊಂಡು ಎದುರಿಗೇ ನಿಂತಿದ್ಲಲ್ಲೋ."

"ನಿಂತಿದ್ರು."

ಅವರು ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಒಳಕ್ಕೆ ತಿರುಗಿ "ಎರಡು ಕಾಫಿ ತನ್ನಿ" ಎಂದು ಕೂಗಿದರು.

ಅಮ್ಮನವರು ಕಾಫಿ ತಂದರು. ಬಾಗಿಲ ಹಿಂದೆ ಅವರು ಎಲ್ಲ ಕೇಳಿಸಿಕೊಂಡಿದ್ದರು ಎನ್ನುವುದು ಮುಖದಲ್ಲೇ ಇತ್ತು. ದಿನವೂ ಬರುತ್ತಿದ್ದ ಅದೇ ಎರಡು ಸ್ಟೀಲ್ ಲೋಟ. ನಾಳೆಯೂ ಅದೇ ಲೋಟ ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ತನಕ ಕಾಯುವುದು ಸಾಕೆನಿಸಿತ್ತು.

ಸ್ಟೀಲ್ ಲೋಟಕ್ಕೆ ಹಿಡಿ ಇರುವುದಿಲ್ಲ, ಯಾವ ಕಡೆಯಿಂದಲಾದರೂ ಎತ್ತಬಹುದು. ಆ ಮನೆಯಲ್ಲಿ ಮೊದಲ ಸಲ ನಾನು ಎಡಗೈ ಚಾಚಿ ಲೋಟ ಎತ್ತಿಕೊಂಡೆ.